ಅಮ್ಮ ಕೇಳಿದ್ದು: ಅವರ ದೇವರು ಯಾರು?

ನಾನು ಮೆಲ್ಬರ್ನ್‌ಗೆ ಬಂದಿಳಿದದ್ದು 2009ರ ಜೂನ್‌ನಲ್ಲಿ. ಇಲ್ಲಿ ಆಗ ಚಳಿಗಾಲ. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಮನೆಯಲ್ಲೇ ಕೂತರೆ ಊರಿನ ನೆನಪು ಜಾಸ್ತಿ ಎಂದು ಸಂಜೆ ಹೊತ್ತು ಸುಮ್ನೆ ಪೇಟೆ ಸುತ್ತುತ್ತಿದ್ದೆ. ಹಾಗೆ ಒಂದು ದಿನ ರಸೆಲ್ ಸ್ಟ್ರೀಟ್‌ನಲ್ಲಿ ಒಬ್ಬ ಹುಡುಗ ನಗುತ್ತಾ ಚೀಟಿ ಕೊಟ್ಟ. "ಸ್ಟ್ರೆಸ್ ಟೆಸ್ಟ್, ಫ್ರೀ" ಎಂದ. ಅದು ಸೈಂಟಾಲಜಿ ಎಂಬ ಪಂಥದ ಜಾಗ ಎಂದು ಆಗ ಸರಿಯಾಗಿ ಗೊತ್ತಿರಲಿಲ್ಲ. ಒಳಗೆ ಬೆಚ್ಚಗಿತ್ತು. ಹೋದೆ.

ಒಂದು ಮೇಜು, ಮೇಲೊಂದು ಮೀಟರ್. ಅದರಿಂದ ಎರಡು ವೈರು, ವೈರಿನ ತುದಿಗೆ ಎರಡು ಡಬ್ಬಿ. ಲೇಬಲ್ ಕಿತ್ತ ಹಾಲಿನ ಪುಡಿ ಡಬ್ಬಿಯನ್ನು ಚಿಕ್ಕದು ಮಾಡಿದಂತೆ. ತಣ್ಣಗಿದ್ದ ಲೋಹ ಅಂಗೈಯಲ್ಲಿ ನಿಧಾನವಾಗಿ ಬಿಸಿಯಾಯಿತು. ಎದುರಿಗೆ ಕೂತಿದ್ದಾಕೆ, "ಯಾರ ಬಗ್ಗೆ ನಿಮಗೆ ತುಂಬ ಚಿಂತೆಯೋ ಅವರನ್ನು ನೆನೆಸಿಕೊಳ್ಳಿ" ಎಂದಳು. ಉಡುಪಿಯ ಮನೆಯಲ್ಲಿ ಒಬ್ಬಳೇ ಇದ್ದ ಅಮ್ಮ ನೆನಪಾದಳು. ಮೀಟರಿನ ಮುಳ್ಳು ಸರಕ್ಕನೆ ಜರುಗಿತು. "ನೋಡಿ, ಇಲ್ಲಿದೆ ನಿಮ್ಮ ಭಾರ" ಎಂದಳು. ನನ್ನ ಕಣ್ಣು ತುಂಬಿ ಬಂತು. ಪುಸ್ತಕ ಕೊಳ್ಳಿ ಎಂದರು, ಕೈಯಲ್ಲಿ ದುಡ್ಡಿಲ್ಲ ಎಂದೆ, ಮರ್ಯಾದೆಯಿಂದಲೇ ಕಳಿಸಿಕೊಟ್ಟರು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಆ ಯಂತ್ರದ ಒಳಗೆ ಇರುವುದು ಕಾಲೇಜಿನ ಲ್ಯಾಬ್‌ನಲ್ಲಿ ನಾವೆಲ್ಲ ಜೋಡಿಸಿದ ವೀಟ್‌ಸ್ಟನ್ ಬ್ರಿಡ್ಜ್ ಎಂಬ ಸರ್ಕ್ಯೂಟ್. ಮೈಯಲ್ಲಿ ಒಂದಿಷ್ಟೇ ಇಷ್ಟು ಕರೆಂಟ್ ಹರಿಸಿ ಚರ್ಮದ ರೆಸಿಸ್ಟೆನ್ಸ್ ಅಳೆಯುತ್ತದೆ. ಅಂಗೈ ಬೆವರಿದರೂ ಮುಳ್ಳು ಸರಿಯುತ್ತದೆ, ಡಬ್ಬಿ ಬಿಗಿ ಹಿಡಿದರೂ ಸರಿಯುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಕಣ್ಣು ತುಂಬಿತ್ತಲ್ಲ? ಯಂತ್ರಕ್ಕಲ್ಲ. ಈ ಊರಿಗೆ ಬಂದ ಮೇಲೆ ಯಾರೋ ಒಬ್ಬರು ಎದುರಿಗೆ ಕೂತು ನನ್ನ ಚಿಂತೆ ಏನು ಎಂದು ಕೇಳಿದ್ದು ಅದೇ ಮೊದಲು.

ಅದೇ ವರ್ಷ ನವೆಂಬರ್ 17ರಂದು ಸೆನೆಟರ್ ನಿಕ್ ಕ್ಸೆನೊಫನ್ ಸಂಸತ್ತಿನಲ್ಲಿ ಎದ್ದು ನಿಂತು, ಸೈಂಟಾಲಜಿ ಧರ್ಮವಲ್ಲ, ಅಪರಾಧಿ ಸಂಘಟನೆ ಎಂದರು. ಬಿಟ್ಟು ಬಂದ ಸದಸ್ಯರು ಬರೆದ ಪತ್ರಗಳನ್ನು ಮುಂದಿಟ್ಟರು. ಬಲವಂತದ ಗರ್ಭಪಾತ, ಕೂಡಿ ಹಾಕಿದ್ದು, ಹೀಗೆ ಆರೋಪಗಳು. ಪಂಥ ಅವನ್ನೆಲ್ಲ ಅಲ್ಲಗಳೆಯಿತು. ಟಿವಿಯಲ್ಲಿ ಸುದ್ದಿ ನೋಡಿದಾಗಲೇ ನಾನು ಎಲ್ಲಿಗೆ ಹೋಗಿ ಬಂದಿದ್ದೆ ಎಂದು ಸರಿಯಾಗಿ ತಿಳಿದದ್ದು. ಅಂದಿನಿಂದ ಈ ವಿಷಯದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಇದನ್ನು ಹುಟ್ಟುಹಾಕಿದವರು ಎಲ್. ರಾನ್ ಹಬರ್ಡ್, ಅಮೆರಿಕದ ಕಥೆಗಾರ. 1950ರಲ್ಲಿ ಡಯಾನೆಟಿಕ್ಸ್ ಎಂಬ ಪುಸ್ತಕ ಬರೆದರು. ಹಳೆಯ ನೋವುಗಳು ಮನಸ್ಸಿನ ಆಳದಲ್ಲಿ ಅಚ್ಚೊತ್ತಿರುತ್ತವೆ, ಪ್ರಶ್ನೆ ಕೇಳಿ ಕೇಳಿ ಅವನ್ನು ಅಳಿಸಬಹುದು ಎನ್ನುವುದು ಅದರ ಸಾರ. ಮೊದಲಿಗೆ ಅದು ಚಿಕಿತ್ಸೆ. ನಾಲ್ಕೇ ವರ್ಷದಲ್ಲಿ ಚರ್ಚ್ ಆಯಿತು. ನಾವು ಶರೀರವಲ್ಲ, ಜನ್ಮಜನ್ಮಾಂತರ ದಾಟಿ ಬರುವ 'ಥೀಟನ್', ಅಂದರೆ ಆತ್ಮ, ಎಂಬ ನಂಬಿಕೆ ಸೇರಿತು. ನಮಗೆ ಇದು ಹೊಸದಲ್ಲ ಅನಿಸುತ್ತದೆ, ಅಲ್ವಾ? ಇನ್ನೊಂದು ವಿಷಯ: 1959ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಬಳಿ ಹಬರ್ಡ್ ಕೊಂಡ ಸೇಂಟ್ ಹಿಲ್ ಬಂಗಲೆಯನ್ನು ಮಾರಿದವರು ನಮ್ಮ ಜೈಪುರದ ಮಹಾರಾಜರು.

ಸರ್ಕಾರಗಳ ಜೊತೆ ಆದ ಜಗಳಗಳಲ್ಲಿ ಒಂದು ನಾನು ಡಬ್ಬಿ ಹಿಡಿದಿದ್ದ ಈ ಮೀಟರಿನದ್ದೇ. ಅದಕ್ಕೆ ಅವರು 'ಇ-ಮೀಟರ್' ಎನ್ನುತ್ತಾರೆ. 1963ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ವಾಷಿಂಗ್ಟನ್ನಿನ ಕಚೇರಿಗೆ ನುಗ್ಗಿ ನೂರಕ್ಕೂ ಜಾಸ್ತಿ ಮೀಟರ್ ಹೊತ್ತೊಯ್ದಿತು. ರೋಗ ವಾಸಿಮಾಡುತ್ತೇವೆ ಎಂದು ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಆರೋಪ. 1971ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು: ಧಾರ್ಮಿಕ ಆಚರಣೆಗೆ ಬಳಸಿಕೊಳ್ಳಿ, ಆದರೆ ಇದರಿಂದ ಯಾವ ರೋಗವೂ ಪತ್ತೆಯಾಗುವುದಿಲ್ಲ, ವಾಸಿಯೂ ಆಗುವುದಿಲ್ಲ ಎಂದು ಎಚ್ಚರಿಕೆ ಬರೆಯಬೇಕು.

ಆಮೇಲಿನದು ತೆರಿಗೆ ಜಗಳ. 1967ರಲ್ಲಿ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕಿತ್ತುಕೊಂಡಿತು. ಪಂಥದ 'ಗಾರ್ಡಿಯನ್ಸ್ ಆಫೀಸ್' ಸುಮ್ಮನೆ ಕೂರಲಿಲ್ಲ. ತನ್ನ ಜನರನ್ನು ಸರ್ಕಾರಿ ನೌಕರಿಗೇ ಸೇರಿಸಿತು. ಅವರು ರಾತ್ರಿ ಹೊತ್ತು ಬೀಗ ತೆಗೆದು, ಸರ್ಕಾರದ್ದೇ ಜೆರಾಕ್ಸ್ ಯಂತ್ರದಲ್ಲಿ ಸಾವಿರಗಟ್ಟಲೆ ಕಡತ ನಕಲು ಮಾಡಿಕೊಂಡರು. ಇದಕ್ಕೆ ಇಟ್ಟ ಹೆಸರು 'ಸ್ನೋ ವೈಟ್'. 1976ರಲ್ಲಿ ವಾಷಿಂಗ್ಟನ್ನಿನ ಕೋರ್ಟ್ ಕಟ್ಟಡದ ಲೈಬ್ರರಿಯಲ್ಲಿ ಇಬ್ಬರು ಸುಳ್ಳು ಗುರುತಿನ ಚೀಟಿಯ ಜೊತೆ ಸಿಕ್ಕಿಬಿದ್ದರು. 1977ರ ಜುಲೈ 8ರಂದು ಎಫ್‌ಬಿಐ ಲಾಸ್ ಏಂಜಲೀಸ್, ವಾಷಿಂಗ್ಟನ್ ಎರಡೂ ಕಡೆ ದಾಳಿ ಮಾಡಿತು. ಹಬರ್ಡ್ ಹೆಂಡತಿ ಮೇರಿ ಸೂ ಸೇರಿ 11 ಮಂದಿಗೆ ಶಿಕ್ಷೆಯಾಯಿತು. ಹಬರ್ಡ್ ಮೇಲೆ ಮೊಕದ್ದಮೆ ಆಗಲಿಲ್ಲ. 1986ರಲ್ಲಿ ಸಾಯುವ ತನಕ ಅವರ ಕೊನೆಯ ವರ್ಷಗಳು ಮರೆಯಲ್ಲೇ ಕಳೆದವು.

ಇಷ್ಟಾದ ಮೇಲೂ 1993ರ ಅಕ್ಟೋಬರ್ 1ರಂದು ಅದೇ ತೆರಿಗೆ ಇಲಾಖೆ ವಿನಾಯಿತಿ ವಾಪಸ್ ಕೊಟ್ಟಿತು. ಪಂಥ 125 ಲಕ್ಷ ಡಾಲರ್ ಕಟ್ಟಿತು, ಇಲಾಖೆಯ ಮೇಲೆ ಹೂಡಿದ್ದ ರಾಶಿ ದಾವೆಗಳೂ ಮುಗಿದವು. ಈ ಒಪ್ಪಂದ ನನಗೆ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ. ಅದು ನ್ಯಾಯದ ತೀರ್ಮಾನ ಅನಿಸುವುದಿಲ್ಲ, ದಣಿವಿನ ತೀರ್ಮಾನ ಅನಿಸುತ್ತದೆ.

ಆದರೆ ನನ್ನನ್ನು ಹಿಡಿದಿಟ್ಟ ಕಥೆ ನಾನಿರುವ ಈ ವಿಕ್ಟೋರಿಯಾ ರಾಜ್ಯದ್ದು. ಸ್ವಾನ್‌ಸ್ಟನ್ ಸ್ಟ್ರೀಟ್‌ನ ಸ್ಟೇಟ್ ಲೈಬ್ರರಿಯಲ್ಲಿ, ಆ ದೊಡ್ಡ ಗುಮ್ಮಟದ ಕೆಳಗೆ ಕೂತು 1965ರ ಆಂಡರ್ಸನ್ ವರದಿ ಓದಿದೆ. ಕೆವಿನ್ ಆಂಡರ್ಸನ್ ಎಂಬ ವಕೀಲರು 160 ದಿನ ವಿಚಾರಣೆ ನಡೆಸಿ, 151 ಸಾಕ್ಷಿಗಳ ಮಾತು ಕೇಳಿ ಬರೆದದ್ದು. "ಸೈಂಟಾಲಜಿ ಕೆಡುಕು, ಅದರ ವಿಧಾನಗಳು ಕೆಡುಕು" ಎಂದು ನೇರವಾಗಿ ಬರೆಯುತ್ತಾರೆ. ಅನುಯಾಯಿಗಳಲ್ಲಿ ಹಲವರಿಗೆ ಮಾನಸಿಕ ಅಸ್ವಸ್ಥತೆ ಇದೆ ಎಂದೂ ಬರೆಯುತ್ತಾರೆ. ಆ ಸಾಲು ಓದಿ ನನಗೆ ಕಸಿವಿಸಿಯಾಯಿತು. ಡಬ್ಬಿ ಹಿಡಿದು ಕೂತಿದ್ದ ನಾನೂ ಆ ಲೆಕ್ಕಕ್ಕೆ ಸೇರುತ್ತಿದ್ದೆನೋ ಏನೋ.

ಅದೇ ವರ್ಷ ಕಾನೂನು ಬಂತು. ದುಡ್ಡು ತೆಗೆದುಕೊಂಡು ಸೈಂಟಾಲಜಿ ಕಲಿಸುವುದು ಅಪರಾಧ. ಮನಶ್ಶಾಸ್ತ್ರಜ್ಞ ಎಂದು ನೋಂದಾಯಿಸದವರು ಇ-ಮೀಟರ್ ಬಳಸುವುದೂ ಅಪರಾಧ. ಆಮೇಲೆ ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ ಕೂಡ ನಿಷೇಧ ತಂದವು. ಪಂಥ ಮುಚ್ಚಿತೇ? ಇಲ್ಲ. 'ಚರ್ಚ್ ಆಫ್ ದ ನ್ಯೂ ಫೇತ್' ಎಂದು ಹೆಸರು ಬದಲಿಸಿಕೊಂಡಿತು. ಕಿರುಕುಳಕ್ಕೆ ಸಿಕ್ಕವರು ಎಂಬ ಅನುಕಂಪವೂ ಸಿಕ್ಕಿತು. 1982ರ ಹೊತ್ತಿಗೆ ಇಲ್ಲಿಯ ನಿಷೇಧವೂ ರದ್ದಾಯಿತು.

ಅಷ್ಟರಲ್ಲಿ ಇನ್ನೊಂದು ಮೊಕದ್ದಮೆ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಇಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ. ವಿಷಯ ಚಿಕ್ಕದು: ನೌಕರರ ಸಂಬಳದ ಮೇಲೆ ರಾಜ್ಯ ಹಾಕುವ ತೆರಿಗೆ. ಧಾರ್ಮಿಕ ಸಂಸ್ಥೆಗೆ ವಿನಾಯಿತಿ ಉಂಟು. ಇವರು ಧಾರ್ಮಿಕ ಸಂಸ್ಥೆಯೋ ಅಲ್ಲವೋ? ವಿಕ್ಟೋರಿಯಾದ ಕೋರ್ಟ್‌ಗಳು ಅಲ್ಲ ಎಂದಿದ್ದವು. 1983ರ ಅಕ್ಟೋಬರ್ 27ರಂದು ಹೈಕೋರ್ಟಿನ ಐದೂ ನ್ಯಾಯಮೂರ್ತಿಗಳು ಹೌದು ಎಂದರು.

ಇದನ್ನು ಓದಿದ ದಿನ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಎಂತದು ಮಾರಾಯ ಅದು? ಅವರ ದೇವರು ಯಾರು?" ಎಂದಳು.

ಕೋರ್ಟಿನ ಮುಂದಿದ್ದ ಪ್ರಶ್ನೆಯೂ ಹೆಚ್ಚುಕಮ್ಮಿ ಅದೇ. ನ್ಯಾಯಮೂರ್ತಿಗಳಾದ ಮೇಸನ್ ಮತ್ತು ಬ್ರೆನನ್ ಹೇಳಿದ್ದು ಇದು: ದೇವರೇ ಇರಬೇಕೆಂದಿಲ್ಲ. ಕಣ್ಣಿಗೆ ಕಾಣುವ ಲೋಕದ ಆಚೆಗಿನ ಒಂದು ಶಕ್ತಿಯೋ, ವಸ್ತುವೋ, ತತ್ವವೋ ಇದೆ ಎಂಬ ನಂಬಿಕೆ ಇರಬೇಕು. ಆ ನಂಬಿಕೆಗೆ ತಕ್ಕ ನಡೆಯ ನಿಯಮಗಳು ಇರಬೇಕು. ಆದರೆ ಆ ನಡೆ ದೇಶದ ಸಾಮಾನ್ಯ ಕಾನೂನು ಮುರಿದರೆ ಧರ್ಮದ ರಕ್ಷಣೆ ಅದಕ್ಕಿಲ್ಲ. ಗುರು ಎನಿಸಿಕೊಂಡವನಿಗೇ ಪ್ರಾಮಾಣಿಕತೆ ಇಲ್ಲದಿದ್ದರೂ ಶಿಷ್ಯರ ನಂಬಿಕೆ ಧರ್ಮವಾಗಬಹುದು, ಕೆಲವು ಮೋಸಗಾರರನ್ನು ಸಹಿಸುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ತೆರಲೇಬೇಕಾದ ಬೆಲೆ ಎಂದೂ ಬರೆದರು. ನಾನು ಈ ಸಾಲನ್ನು ಮೂರು ಸಲ ಓದಿದೆ.

ಅಮ್ಮ ಇನ್ನೊಂದು ಮಾತು ನೆನಪಿಸಿದಳು. "ನಮ್ಮ ಶಿರೂರು ಮಠದ್ದೂ ಕೋರ್ಟಿಗೆ ಹೋಗಿತ್ತಲ್ಲ."

ಹೋಗಿತ್ತು. ಪರ್ಯಾಯದ, ಅಂದರೆ ಉಡುಪಿ ಕೃಷ್ಣಮಠದ ಪೂಜೆಯ ಸರದಿಯ, ಖರ್ಚಿಗೆ ಮಠ ಸಾಲ ಮಾಡಿತ್ತು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಧಾರ್ಮಿಕ ದತ್ತಿ ಇಲಾಖೆ ಮಠದ ಆಡಳಿತಕ್ಕೆ ಕೈ ಹಾಕಿತು. ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಮೊಕದ್ದಮೆ ಹೂಡಿದರು. 1954ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ಪ್ರಶ್ನೆ ಎತ್ತಿಕೊಂಡಿತು: ಧರ್ಮ ಎಂದರೇನು? ದೇವರನ್ನು ನಂಬದ ಬೌದ್ಧ, ಜೈನ ಧರ್ಮಗಳೂ ಇವೆ, ಹಾಗಾಗಿ ದೇವರಿರಲೇಬೇಕೆಂದಿಲ್ಲ ಎಂದಿತು. ಪೂಜೆ ಪುನಸ್ಕಾರ ಹೇಗಿರಬೇಕು ಎನ್ನುವುದು ಆ ಧರ್ಮದವರಿಗೆ ಬಿಟ್ಟದ್ದು, ಆಸ್ತಿಯ ಲೆಕ್ಕ ಸರ್ಕಾರ ಕೇಳಬಹುದು ಎಂದಿತು. ಮಠಗಳ ಆದಾಯದಿಂದ ವಸೂಲಿ ಮಾಡುತ್ತಿದ್ದ ಪಾಲು ಶುಲ್ಕವಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದೂ ಹೇಳಿತು. ನಮ್ಮ ರಥಬೀದಿಯ ಮಠಕ್ಕೂ ಅಮೆರಿಕದ ಕಥೆಗಾರನ ಪಂಥಕ್ಕೂ ಹೋಲಿಕೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಎರಡೂ ಕಡೆ ನ್ಯಾಯಾಧೀಶರು ನಂಬಿಕೆಯನ್ನು ತೂಗಲು ಹೋಗದೆ ನಡೆ ಮತ್ತು ಲೆಕ್ಕಕ್ಕೆ ಗೆರೆ ಎಳೆದರು. ಅದು ನನಗೆ ತುಂಬ ಸರಿ ಅನಿಸುತ್ತದೆ. 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದ ಹಿಂದೂಗಳು 6,84,002. ಇಲ್ಲಿ ನಾವೂ ಸಣ್ಣ ಗುಂಪೇ. ಇಲ್ಲಿಯ ಹೈಕೋರ್ಟಿನ ಆ ತೀರ್ಪಿನ ನೆರಳು ನಮ್ಮ ಮೇಲೂ ಇದೆ.

ಯುರೋಪಿನಲ್ಲೂ ನೋಡಿ. ಫ್ರಾನ್ಸ್ 2009ರಲ್ಲಿ ನಂಬಿಕೆಯನ್ನು ನಿಷೇಧಿಸಲಿಲ್ಲ, ಸಂಘಟಿತ ವಂಚನೆ ಎಂದು 6 ಲಕ್ಷ ಯೂರೋ ದಂಡ ಹಾಕಿತು. ಅದು ಮೇಲಿನ ಕೋರ್ಟಿನಲ್ಲೂ ನಿಂತಿತು. ಜರ್ಮನಿ 1997ರಲ್ಲಿ ಅವರ ಮೇಲೆ ನಿಗಾ ಇಡಲು ಶುರುಮಾಡಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಅವರ ಲಂಡನ್ ಚಾಪೆಲ್‌ನಲ್ಲಿ ಮದುವೆ ಮಾಡಬಹುದು ಎಂದಿತು.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಿಡ್ನಿಯ ಚೆಲ್ಮ್ಸ್‌ಫರ್ಡ್ ಆಸ್ಪತ್ರೆಯಲ್ಲಿ 'ಗಾಢ ನಿದ್ರೆ ಚಿಕಿತ್ಸೆ' ಎಂದು ರೋಗಿಗಳನ್ನು ದಿನಗಟ್ಟಲೆ ಮತ್ತಿನಲ್ಲಿ ಮಲಗಿಸುತ್ತಿದ್ದರು. ಹಲವರು ಸತ್ತರು. ಅದನ್ನು ಬಯಲಿಗೆಳೆಯಲು ವರ್ಷಗಟ್ಟಲೆ ಹೋರಾಡಿದವರಲ್ಲಿ ಸೈಂಟಾಲಜಿಯವರು ಕಟ್ಟಿದ ಸಮಿತಿಯೂ ಇತ್ತು. ಕೊನೆಗೆ 1988ರಲ್ಲಿ ರಾಯಲ್ ಕಮಿಷನ್ ಕೂತು ವಿಚಾರಣೆ ನಡೆಸಿತು. ಮನೋವೈದ್ಯರ ಮೇಲೆ ಅವರಿಗಿರುವ ದ್ವೇಷ ನನಗೆ ಒಪ್ಪಿಗೆಯಿಲ್ಲ. ಆ ಹೋರಾಟ ಮಾತ್ರ ನಿಜವಾದದ್ದು.

ಈಗ ಮೆಲ್ಬರ್ನ್‌ನಲ್ಲಿ ಸೈಂಟಾಲಜಿಯವರ ಕೇಂದ್ರ ಆಸ್ಕಟ್ ವೇಲ್ ಬಡಾವಣೆಯಲ್ಲಿದೆ. ಹಿಂದೆ ಕ್ಯಾಥೊಲಿಕ್ ಸನ್ಯಾಸಿನಿಯರಿದ್ದ ಕಟ್ಟಡ, 2011ರಿಂದ ಇವರ ಕೇಂದ್ರ. ನಾನು ಕೆಲಸಕ್ಕೆ ಹೋಗುವ 59ನೇ ನಂಬರಿನ ಟ್ರಾಮ್ ಆ ರಸ್ತೆಯಲ್ಲೇ ಹೋಗುತ್ತದೆ.

ಕಳೆದ ಜುಲೈನಲ್ಲಿ ಅದೇ ಟ್ರಾಮ್‌ನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ಸಿಕ್ಕಿದ. ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ, ನಾನೇ ಮಾತಾಡಿಸಿದೆ. ಓದಲು ಬಂದು ಎರಡು ತಿಂಗಳು. ಜೇಬಿನಿಂದ ಒಂದು ಚೀಟಿ ತೆಗೆದು, "ಅಣ್ಣಾ, ಇದೆಂತದು ಗೊತ್ತುಂಟಾ? ಫ್ರೀ ಅಂತೆ, ಹೋಗಬಹುದಾ?" ಎಂದ.

ಹಬರ್ಡ್, ಎಫ್‌ಬಿಐ, ಹೈಕೋರ್ಟ್ ಎಲ್ಲ ಬಾಯಿಗೆ ಬಂತು. ಹೇಳಲಿಲ್ಲ. "ಹೋಗುವುದು ಬಿಡುವುದು ನಿನ್ನಿಷ್ಟ. ಅದಕ್ಕೆ ಮೊದಲು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ" ಎಂದೆ.

ಬಂದ. ನೀರುದೋಸೆ, ಕೋಳಿ ಸಾರು. "ಮನೆಯಲ್ಲಿ ಎಲ್ಲ ಹೇಗಿದ್ದಾರೆ?" ಎಂದು ಕೇಳಿದೆ. ಮೂರು ಗಂಟೆ ಮಾತಾಡಿದ. ಜಾಸ್ತಿ ಅವನ ಅಮ್ಮನ ವಿಷಯವೇ.