ಸ್ವಲ್ಪ ಜಾಸ್ತಿ ಇರಲಾ?

ಶನಿವಾರದಿಂದ ನಮ್ಮ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಆಲಿವ್ ಕೂತಿದೆ. ಹೊಟ್ಟೆಯೊಳಗೆ ಚೀಸ್ ತುಂಬಿಸಿಕೊಂಡು ಎಣ್ಣೆಯಲ್ಲಿ ಮುಳುಗಿರುವ ಹಸಿರು ಆಲಿವ್. ನಮ್ಮ ಯಜಮಾನರು ಅದನ್ನು ಮುಟ್ಟಲ್ಲ. ಮಗನಿಗೆ ವಾಸನೆಯೇ ಆಗಲ್ಲ. ನಾನೊಬ್ಬಳೇ ಮಾತ್ರೆ ನುಂಗಿದ ಹಾಗೆ ದಿನಕ್ಕೆ ಎರಡು ತಿನ್ನುತ್ತಿದ್ದೇನೆ. ಫ್ರಿಜ್ ತೆಗೆದಾಗಲೆಲ್ಲ ಅಮ್ಮ ಆ ಡಬ್ಬಿ ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ಏನೂ ಅನ್ನಲ್ಲ.

ಅಮ್ಮ ಮೈಸೂರಿಂದ ವಿಯೆನ್ನಾಗೆ ಬಂದು ಮೂರು ವಾರ ಆಯಿತು. ಅರಮನೆ, ಚರ್ಚು ಎಲ್ಲ ಮೊದಲ ವಾರಕ್ಕೇ ಮುಗಿದವು. 'ಅರಮನೆ ನಮ್ಮೂರಲ್ಲೇ ಇದೆ, ಇಲ್ಲಿನ ಮಾರ್ಕೆಟ್ ತೋರಿಸು' ಅಂತ ಹಠ ಹಿಡಿದಳು. ಮೊದಲು ಕೋಲ್‌ಮಾರ್ಕ್ಟ್‌ಗೆ ಕರೆದುಕೊಂಡು ಹೋದೆ. ಹೆಸರಿಗೆ ಇದ್ದಿಲು ಮಾರುವ ಜಾಗ, ಈಗ ಅಲ್ಲಿ ವಜ್ರ, ಗಡಿಯಾರ, ಚರ್ಮದ ಬ್ಯಾಗು. ಅಮ್ಮ ಗಾಜಿಗೆ ಮೂಗು ತಾಗಿಸಿ ನೋಡಿ, 'ಬೆಲೆ ಬರೀದೇ ಇರೋ ಅಂಗಡಿಗೆ ಕಾಲಿಡಬಾರದು' ಅಂದಳು. ಪಕ್ಕದ ಗ್ರಾಬೆನ್ ಬೀದಿಯಲ್ಲಿ, ಇದು ರೋಮನ್ನರ ಕಾಲದಲ್ಲಿ ಕೋಟೆಯ ಕಂದಕ ಆಗಿತ್ತು ಅಂತ ನಾನು ದೊಡ್ಡದಾಗಿ ವಿವರಿಸುತ್ತಿದ್ದರೆ ಅವಳು ಕೂರಲು ಬೆಂಚು ಹುಡುಕುತ್ತಿದ್ದಳು. ಮರಿಯಾಹಿಲ್ಫರ್ ಬೀದಿ ನಮ್ಮ ಮಾಲ್‌ಗಳ ಥರವೇ, ಮೇಲೆ ಛಾವಣಿ ಇಲ್ಲ ಅಷ್ಟೇ. ಐಸ್‌ಕ್ರೀಮ್ ತಿಂದು ವಾಪಸ್ ಬಂದೆವು.

ಹಾಗಾಗಿ ಶನಿವಾರ ತರಕಾರಿ, ತಿನಿಸು ಮಾರುವ ನಾಶ್‌ಮಾರ್ಕ್ಟ್. ಯು4 ಮೆಟ್ರೋದಲ್ಲಿ ಕೆಟ್ಟೆನ್‌ಬ್ರೂಕೆನ್‌ಗಾಸ್ಸೆಯಲ್ಲಿ ಇಳಿಯಬೇಕು. ಅಮ್ಮನ ಬಾಯಲ್ಲಿ ಅದು 'ಕೆಟ್ಟ ಸ್ಟೇಷನ್' ಆಯಿತು. ಹೊರಗೆ ಬಂದರೆ ಎದುರಿಗೇ ವಾಸ್ತುಶಿಲ್ಪಿ ಓಟೋ ವಾಗ್ನರ್ 1898ರ ಹೊತ್ತಿಗೆ ಕಟ್ಟಿಸಿದ ಮನೆ, ಗೋಡೆ ತುಂಬ ಹೂಬಳ್ಳಿಯ ಟೈಲ್ಸ್. 'ಗೋಡೆಗೂ ರಂಗೋಲಿ ಹಾಕಿದ್ದಾರಲ್ಲೇ!' ಅಂತ ಅಮ್ಮ ಖುಷಿಯಾದಳು. ಮಾರ್ಕೆಟ್ ಇರುವ ಜಾಗದ ಕೆಳಗೆ ವೀನ್ ನದಿ ಹರಿಯುತ್ತೆ, ಅದರ ಮೇಲೆ ಕಮಾನು ಕಟ್ಟಿ ಮುಚ್ಚಿದ್ದಾರೆ ಅಂತ ಹೇಳಿದೆ. 'ನೀರು ಮುಚ್ಚಿ ಅಂಗಡಿ ಮಾಡೋದು ನಮ್ಮವರಿಗೆ ಮಾತ್ರ ಗೊತ್ತು ಅಂದ್ಕೊಂಡಿದ್ದೆ' ಅಂದಳು. ಕೆರೆ ಮುಚ್ಚಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಕಟ್ಟಿದ ರಾಜ್ಯದವರು ನಾವು, ನಾನೇನು ಹೇಳಲಿ.

ಶನಿವಾರ ಅಲ್ಲೇ ಒಂದು ತುದಿಯಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತೆ. ತುಂಡಾದ ದೀಪ, ಒಂಟಿ ಶೂ, ಸೈನಿಕರ ಗುಂಡಿ, ಹಿತ್ತಾಳೆಯ ಕುಟ್ಟಾಣಿ. ಒಂದು ರಟ್ಟಿನ ಪೆಟ್ಟಿಗೆ ತುಂಬ ಯಾರದೋ ಮನೆಯ ಫೋಟೋಗಳು. ಮದುವೆ ಹೆಣ್ಣು, ತೊಟ್ಟಿಲ ಮಗು, ಎಲ್ಲ ಮಾರಾಟಕ್ಕೆ. ಅಮ್ಮ ಒಂದನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿ, ಮುಖ ಕೆಳಗಾಗಿ ಇಟ್ಟಳು. ಅದರ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ.

ಆಮೇಲೆ ಬಂತು ಆಲಿವ್ ಅಂಗಡಿ. ಅಲ್ಲಿನ ಹುಡುಗ ಚಮಚ ಚಾಚಿಕೊಂಡೇ ನಿಂತಿದ್ದ. ಒಂದು ಆಲಿವ್, ಒಂದು ಒಣ ಟೊಮೇಟೊ, ಖಾರದ ಕಡಲೆಬೀಜ, ಬೆರಳ ತುದಿಯಷ್ಟು ಫಲಾಫೆಲ್. ಅಮ್ಮ ಆರು ಥರ ರುಚಿ ನೋಡಿದಳು. ಇಷ್ಟು ತಿಂದ ಮೇಲೆ ಸುಮ್ನೆ ಹೋಗೋದು ಸರಿಯಲ್ಲ ಅಂತ ಅವಳೇ ಅಂದಳು. ನಾನು 20 ಡೆಕಾ ಕೇಳಿದೆ. ಇಲ್ಲಿ ಡೆಕಾ ಲೆಕ್ಕದಲ್ಲಿ ಕೇಳೋದು ವಾಡಿಕೆ. ಹತ್ತು ಗ್ರಾಂ ಒಂದು ಡೆಕಾ, ಇಪ್ಪತ್ತು ಡೆಕಾ ಅಂದ್ರೆ ಇನ್ನೂರು ಗ್ರಾಂ.

ಹುಡುಗ ದೊಡ್ಡ ಡಬ್ಬಿಯನ್ನೇ ತೆಗೆದುಕೊಂಡ. ಒಂದು ಸೌಟು, ಇನ್ನೊಂದು ಸೌಟು, ಮೇಲೆ ಇನ್ನರ್ಧ. ತಕ್ಕಡಿ 38 ತೋರಿಸಿತು. ಆಗ ಈ ಊರಿನ ಹಳೇ ಅಂಗಡಿ ಮಾತು ಬಂತು: 'ದಾರ್ಫ್ಸ್ ಅ ಬಿಸ್ಸೆರ್ಲ್ ಮೇರ್ ಸೈನ್?'

'ಏನಂತೆ?' ಅಂದಳು ಅಮ್ಮ.

'ಸ್ವಲ್ಪ ಜಾಸ್ತಿ ಆಗಿದೆ, ಇರಲಾ ಅಂತಿದ್ದಾನೆ.'

ಅಮ್ಮನ ಮುಖ ಅರಳಿತು. 'ಅಯ್ಯೋ, ಕೇಳ್ದೇನೇ ಕೊಸರು ಹಾಕ್ತಿದ್ದಾನೆ! ಎಷ್ಟು ಒಳ್ಳೇ ಹುಡುಗ. ಹೂಂ ಅನ್ನೇ.'

ತಪ್ಪು ಅಲ್ಲೇ ಆಗಿದ್ದು. ಇದು ಕೊಸರಲ್ಲ, ಇದಕ್ಕೂ ದುಡ್ಡು ಕೊಡಬೇಕು ಅಂತ ನಾನು ಹೇಳಬಹುದಿತ್ತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹುಡುಗ ಮುಚ್ಚಳ ಹಿಡಿದು ನಗುತ್ತಿದ್ದ. 'ಯಾ, ಪಾಸ್ಟ್', ಅಂದ್ರೆ ಹೂಂ, ಸರಿ, ಅಂದುಬಿಟ್ಟೆ. ಹದಿಮೂರು ಯೂರೋ ಮೂವತ್ತು ಸೆಂಟ್.

ಅಮ್ಮ ಎಲ್ಲವನ್ನೂ ನೂರರಿಂದ ಗುಣಿಸುತ್ತಾಳೆ, ಲೆಕ್ಕಕ್ಕೆ ಸುಲಭ ಅಂತ. ಸಾವಿರದ ಮುನ್ನೂರಕ್ಕೆ ಬಂದು ನಿಂತಳು. ಹತ್ತು ಹೆಜ್ಜೆ ನಡೆದ ಮೇಲೆ ಕೇಳಿದಳು: 'ಬೇಡ ಅನ್ನೋಕೆ ಇವರ ಭಾಷೇಲಿ ಪದ ಇಲ್ವೇನೇ?'

ಬೈಯಲಿಲ್ಲ, ನಿಜಕ್ಕೂ ಕೇಳಿದಳು. ಅದೇ ನನಗೆ ಚುಚ್ಚಿದ್ದು.

ಹುಡುಗನ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ಕೇಳಿದ್ದರ ಹತ್ತತ್ತಿರ ಎರಡರಷ್ಟು ತುಂಬಿ 'ಸ್ವಲ್ಪ' ಅನ್ನೋದು ಯಾವ ಲೆಕ್ಕ? ಆದರೆ ಅವನು ಕೇಳಿದ, ಅಲ್ವಾ. ಒಪ್ಪಿದವಳು ನಾನು. ನಮ್ಮ ಯಜಮಾನರು ಸಂಜೆ ಇದನ್ನೇ ಜಡ್ಜ್ ಥರ ಕೂತು ಹೇಳಿದರು. ಅವರು ಎಂಟು ವರ್ಷದಲ್ಲಿ ಒಂದು ಸಲವೂ ತರಕಾರಿ ತಂದವರಲ್ಲ.

ದೇವರಾಜ ಮಾರ್ಕೆಟ್‌ನಲ್ಲಿ ಅಮ್ಮ ಹೂವು ಕೊಳ್ಳುವುದನ್ನು ನೋಡಬೇಕು. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಅಳೆದರೆ ಅಮ್ಮ, 'ನಿನ್ನ ಕೈ ಗಿಡ್ಡ ಕಣಮ್ಮ, ನನ್ನ ಕೈಯಲ್ಲಿ ಅಳಿ' ಅನ್ನುತ್ತಾಳೆ. ಅವಳು, 'ನಿಮ್ಮ ಕೈ ನೋಡ್ಕೊಂಡು ದೇವರು ಹೂವು ಬಿಡಿಸ್ತಾನಾ ಅಕ್ಕ?' ಅಂತ ನಗುತ್ತಾಳೆ. ಕೊನೆಗೆ ನಾಲ್ಕು ಬೆರಳು ಉದ್ದ ಬಿಟ್ಟು ಕತ್ತರಿಸುತ್ತಾಳೆ. ಆ ನಾಲ್ಕು ಬೆರಳೇ ಕೊಸರು. ಅದಕ್ಕೆ ಬೆಲೆ ಇಲ್ಲ, ಜಗಳ ಮಾತ್ರ ಇದೆ. ಚಿಕ್ಕವಳಿದ್ದಾಗ ನನಗೆ ಇದೆಲ್ಲ ಅವಮಾನ ಅನಿಸುತ್ತಿತ್ತು. ಐದು ಪೈಸೆ ಕೊತ್ತಂಬರಿಗೆ ಇಷ್ಟು ಮಾತೇ ಅಂತ ದೂರ ಹೋಗಿ ನಿಲ್ಲುತ್ತಿದ್ದೆ. ಬೆಲೆ ಅಂಟಿಸಿದ ಅಂಗಡಿಗಳ ಊರಿಗೆ ಬಂದಾಗ ಎಷ್ಟು ನೆಮ್ಮದಿಯಾಗಿತ್ತು! ಚೌಕಾಸಿ ಇಲ್ಲ, ಮಾತಿಲ್ಲ. ಈಗ ನೋಡಿದರೆ ಎಂಟು ವರ್ಷದಿಂದ ಒಂದು ಪ್ರಶ್ನೆಗೂ ನಾನು ಇಲ್ಲ ಅಂದಿಲ್ಲ. ಬ್ಯಾಗ್ ಬೇಕಾ? ಬೇಕು. ಸ್ವಲ್ಪ ಜಾಸ್ತಿ? ಇರಲಿ. ಆಫೀಸಿನಲ್ಲಿ ಶುಕ್ರವಾರ ಸಂಜೆ, 'ಇದೊಂದು ನೀವು ನೋಡ್ತೀರಾ?' ಅಂದರೂ ಅದೇ ಯಾ, ಪಾಸ್ಟ್. ಜರ್ಮನ್ ವ್ಯಾಕರಣ ಪರೀಕ್ಷೆ ಪಾಸ್ ಮಾಡಿದ್ದೇನೆ. ಇಲ್ಲ ಅನ್ನೋಕೆ 'ನೈನ್' ಅನ್ನೋ ಪದ ಮೊದಲ ಪಾಠದಲ್ಲೇ ಇತ್ತು.

ಮಧ್ಯಾಹ್ನ ಯು6 ಹಿಡಿದು ಬ್ರುನ್ನೆನ್‌ಮಾರ್ಕ್ಟ್‌ಗೆ ಹೋದೆವು. ಅದು ಒಟ್ಟಾಕ್ರಿಂಗ್ ಬಡಾವಣೆಯಲ್ಲಿ, ಉದ್ದಕ್ಕೂ ಬೀದಿ ಅಂಗಡಿ, ಮಾರುವವರಲ್ಲಿ ಟರ್ಕಿಯವರು, ಬಾಲ್ಕನ್ ಕಡೆಯವರು ಜಾಸ್ತಿ. ಮುಚ್ಚುವ ಹೊತ್ತು ಹತ್ತಿರ ಆಗಿ, 'ಒಂದು ಯೂರೋ, ಒಂದು ಯೂರೋ' ಅಂತ ಕೂಗು ಶುರುವಾಗಿತ್ತು. ಆ ಕೂಗು ಕೇಳಿಯೇ ಅಮ್ಮನ ನಡಿಗೆ ಚುರುಕಾಯಿತು.

ಒಂದು ಕಡೆ ಬೆಂಡೆಕಾಯಿ ಇತ್ತು. ಕಿರುಬೆರಳಿಗಿಂತ ಚಿಕ್ಕದು. ಅಮ್ಮ ಒಂದನ್ನು ಎತ್ತಿಕೊಂಡು ತುದಿ ಮುರಿದಳು. ಟಪ್ ಅನ್ನಲಿಲ್ಲ. ಇಲ್ಲಿ ತರಕಾರಿ ಮುಟ್ಟೋದೇ ತಪ್ಪು, ಮುರಿಯೋದು ಅಂದ್ರೆ ಕೇಳಬೇಕಾ. ಸ್ಕಾರ್ಫ್ ಕಟ್ಟಿದ್ದ ಅಂಗಡಿಯ ಹೆಂಗಸು ಜೋರಾಗಿ ಏನೋ ಅಂದಳು. ನಾನು ಕ್ಷಮೆ ಕೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುರಿದ ತುದಿಯನ್ನು ಅವಳ ಮುಂದೆ ಹಿಡಿದು, 'ಬಲಿತಿದೆ ಕಣಮ್ಮ' ಅಂದಳು, ಅಪ್ಪಟ ಕನ್ನಡದಲ್ಲಿ. ಹೆಂಗಸು ಹುಬ್ಬು ಗಂಟಿಕ್ಕಿದಳು. ಬುಟ್ಟಿಯ ಅಡಿಯಿಂದ ಇನ್ನೊಂದು ತೆಗೆದು ತಾನೇ ಮುರಿದಳು. ಟಪ್. ಎಳೆಯದು. 'ಬಾಮ್ಯಾ' ಅಂತ ಅಮ್ಮನ ಅಂಗೈಯಲ್ಲಿಟ್ಟಳು. ಅರ್ಧ ಕೆಜಿ ತೂಗಿಸಿಕೊಂಡೆವು. ಅಮ್ಮ ಪುದೀನದ ಕಡೆ ಕೈ ತೋರಿಸಿ ಕೊಸರು ಕೇಳಿದಳು. ಹೆಂಗಸು ತಲೆ ಅಲ್ಲಾಡಿಸಿದಳು. ಇಲ್ಲ ಅಂದ್ರೆ ಇಲ್ಲ. ಒಂದು ಎಸಳೂ ಕೊಡಲಿಲ್ಲ.

'ಗಟ್ಟಿ ಹೆಂಗಸು' ಅಂತ ಅಮ್ಮ ದಾರಿಯುದ್ದಕ್ಕೂ ಹೊಗಳಿದಳು.

ಸೋಮವಾರ ಆಫೀಸಿಂದ ಬರುವಾಗ ಮನೆ ಹತ್ತಿರದ ಅಂಗಡಿಯಲ್ಲಿ 15 ಡೆಕಾ ಚೀಸ್ ಕೇಳಿದೆ. ಕೌಂಟರ್‌ನವಳು ಹೋಳು ಮಾಡಿ ಕಾಗದದ ಮೇಲೆ ಇಡುತ್ತಾ ಹೋದಳು. ತಕ್ಕಡಿಯಲ್ಲಿ 18. ತಲೆ ಎತ್ತಿ ಅದೇ ಪ್ರಶ್ನೆ ಕೇಳಿದಳು. ಹಿಂದೆ ಯಾರೂ ಇರಲಿಲ್ಲ. ಅವಸರವೂ ಇರಲಿಲ್ಲ. ಬಾಯಿ ತೆರೆದೆ.

ಚೀಸ್ ಪೊಟ್ಟಣ ಈಗ ಆಲಿವ್ ಡಬ್ಬಿಯ ಹಿಂದೆ ಇದೆ. ಚೀಟಿಯನ್ನು ಮೆಟ್ರೋ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿಯೇ ಮನೆಗೆ ಬಂದೆ.