ಸರ್ಕಾರಿ ಬೋಟಿನಲ್ಲಿ ಕೊಚ್ಚಿ

"ಇಷ್ಟೇನಾ?" ಎರ್ನಾಕುಳಂ ಜೆಟ್ಟಿಯಲ್ಲಿ ಟಿಕೆಟ್ ನೋಡಿ ಅಕ್ಕ ಎರಡು ಸಲ ಕೇಳಿದಳು. ಸರ್ಕಾರಿ ಬೋಟಿಗೆ ಒಬ್ಬರಿಗೆ ಹತ್ತು ರೂಪಾಯಿಯೂ ಆಗಿರಲಿಲ್ಲ. ಮಂಗಳೂರಿನಿಂದ ಬೆಳಗಿನ ಪರಶುರಾಮ ಎಕ್ಸ್‌ಪ್ರೆಸ್‌ನಲ್ಲಿ ಕೂತೇ ಬಂದಿದ್ದೆವು. ಸೊಂಟ ಹಿಡಿದಿತ್ತು. ಬೋಟಿನ ಬದಿಯ ಸೀಟಿನಲ್ಲಿ ಗಾಳಿ ಮುಖಕ್ಕೆ ಬಡಿದಾಗ ಆ ದಣಿವೆಲ್ಲ ಹೋಯಿತು. ಅಲ್ಲಿನವರಿಗೆ ಈ ಬೋಟು ನಮ್ಮ ಸಿಟಿ ಬಸ್ಸಿದ್ದ ಹಾಗೆ. ಇಪ್ಪತ್ತು ನಿಮಿಷ, ವಿಲ್ಲಿಂಗ್ಡನ್ ದ್ವೀಪ, ಮನೆಗಿಂತ ಎತ್ತರದ ಹಡಗುಗಳು. ಎಸಿ ಇರುವ ವಾಟರ್ ಮೆಟ್ರೋ ಬೋಟು ಕೂಡ ಇದೆ, ಆದರೆ ನನಗೆ ಹಳೇ ಬೋಟೇ ಇಷ್ಟ.

ಫೋರ್ಟ್ ಕೊಚ್ಚಿಯಲ್ಲಿ ಹೋಮ್‌ಸ್ಟೇ. ಮಳೆಗಾಲ ಮುಗಿಯುವ ಹೊತ್ತಾದ್ದರಿಂದ ಬಾಡಿಗೆ ಕಡಿಮೆ. ಡಿಸೆಂಬರ್‌ನಲ್ಲಿ ಹೋದರೆ ಜಾಸ್ತಿ ಕೊಡಬೇಕು.

ಸಂಜೆಯೆಲ್ಲ ಚೀನಾ ಬಲೆಗಳ ಹತ್ತಿರವೇ ಕಳೆದೆವು. ದಪ್ಪ ಮರದ ತೊಲೆ, ಅದರ ತುದಿಗೆ ಮನೆಯಷ್ಟು ಅಗಲದ ಬಲೆ. ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಸಾಲಾಗಿ ತೂಗುತ್ತವೆ. ಭಾರ ಎಷ್ಟು ಸರಿಯಾಗಿ ಹೊಂದಿಸಿದ್ದಾರೆ ಅಂದ್ರೆ, ಒಬ್ಬ ತೊಲೆಯ ಮೇಲೆ ನಾಲ್ಕು ಹೆಜ್ಜೆ ನಡೆದರೆ ಬಲೆ ನೀರಿಗಿಳಿಯುತ್ತದೆ. ಮೇಲೆತ್ತಲು ಮಾತ್ರ ನಾಲ್ಕೈದು ಜನ ಬೇಕು. "ಚೇಚಿ, ವಾ" ಎಂದು ಅಕ್ಕನನ್ನೂ ಕರೆದರು. ಒದ್ದೆ ಹಗ್ಗ ಅಂಗೈಗೆ ಉರಿ ಹತ್ತಿಸುತ್ತದೆ. ಮೇಲೆ ಬಂದದ್ದು ಒಂದು ಹಿಡಿ ಮೀನು, ಅಷ್ಟೇ. ಇಷ್ಟು ಕಷ್ಟಕ್ಕೆ ಇಷ್ಟೇನಾ ಅಂತ ಸಂಕಟವಾಯಿತು. ಅವರ ಕೈಗೆ ಸ್ವಲ್ಪ ದುಡ್ಡು ಕೊಟ್ಟೆವು. ನೀವೂ ಹೋದರೆ ಸುಮ್ನೆ ಫೋಟೋ ತೆಗೆದು ಬರಬೇಡಿ, ಏನಾದರೂ ಕೊಡಿ.

ಮರುದಿನ ಶನಿವಾರ. 1524ರಲ್ಲಿ ಇಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತಿದ್ದ ಸೇಂಟ್ ಫ್ರಾನ್ಸಿಸ್ ಚರ್ಚ್ ನೋಡಿ ಮಟ್ಟಂಚೇರಿಗೆ ಹೋದೆವು. 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಮುಚ್ಚಿತ್ತು. ಶನಿವಾರ ಅವರ ಸಬ್ಬತ್, ವಾರದ ವಿಶ್ರಾಂತಿ ದಿನ ಅಲ್ವಾ, ನಾವೇ ಮೊದಲು ಯೋಚಿಸಬೇಕಿತ್ತು. ಪಕ್ಕದ ಅರಮನೆ ತೆರೆದಿತ್ತು. ಟಿಕೆಟ್ ಅಗ್ಗ. ಗೋಡೆ ತುಂಬ ರಾಮಾಯಣದ ಚಿತ್ರಗಳು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು. ನಮ್ಮ ಮನೆಯ ಊಟವೇ, ಹುಳಿ ಮಾತ್ರ ಕೊಡಂಪುಳಿ ಎಂಬ ಹಣ್ಣಿನದು.

ಆಮೇಲೆ ಚೇರ್ಲಾಯಿ ಕಡೆ ನಡೆಯುವಾಗ ಹೂ ಕಟ್ಟುತ್ತಿದ್ದ ಇಬ್ಬರು ಅಜ್ಜಿಯರ ಮಾತು ಕಿವಿಗೆ ಬಿತ್ತು. ಅಕ್ಕ ಗಕ್ಕನೆ ನಿಂತಳು. ಕೊಂಕಣಿ! ನಮ್ಮ ಮನೆಮಾತು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅವರ ಕೊಂಕಣಿಯಲ್ಲಿ ಮಲಯಾಳಂ ರಾಗ, ನಮ್ಮದರಲ್ಲಿ ಕನ್ನಡ. ಆದರೂ ಒಂದೂ ಮಾತು ಬಿಟ್ಟುಹೋಗಲಿಲ್ಲ. ಯಾವ ಊರು, ಯಾರ ಮನೆಯವರು ಎಂದೆಲ್ಲ ವಿಚಾರಿಸಿದರು. ಹೊರಡುವಾಗ ಒಬ್ಬ ಅಜ್ಜಿ ಮಲ್ಲಿಗೆಯ ತುಂಡೊಂದನ್ನು ಕತ್ತರಿಸಿ ಅಕ್ಕನ ಜಡೆಗೆ ತಾವೇ ಮುಡಿಸಿದರು.