‘ಸಕ್ಸಸ್’ ಅಂತ ಬಂದ ಮೇಲೂ ಕೈಗೆ ಬಾರದ ಪರಿಹಾರ

ಬೆಳೆ ಪರಿಹಾರದ ಪೇಮೆಂಟ್ ಲಿಸ್ಟ್‌ನಲ್ಲಿ ಒಬ್ಬ ರೈತರ ಹೆಸರಿನ ಮುಂದೆ ‘ಸಕ್ಸಸ್’ ಇತ್ತು. ಅವರ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಬಿದ್ದಿರಲಿಲ್ಲ. ‘ದುಡ್ಡು ಹೋಗಿದೆ ಯಜಮಾನ್ರೇ, ಬ್ಯಾಂಕಲ್ಲಿ ಕೇಳಿ’ ಎಂದು ನಾಡಕಚೇರಿಯಲ್ಲಿ ನಾನೇ ಅಂದೆ. ಬ್ಯಾಂಕಿನವರು ‘ಬಂದಿಲ್ಲ, ನಾಡಕಚೇರಿಯಲ್ಲೇ ಕೇಳಿ’ ಅಂದರು. ಹೀಗೆ ಮೂರು ಸಲ ಓಡಾಡಿದರು. ಮೂರನೇ ಸಲ ಪಾಸ್‌ಬುಕ್ ಮೇಜಿನ ಮೇಲಿಟ್ಟು ಏನೂ ಮಾತಾಡದೆ ನಿಂತರು. ಪರದೆಯ ಅದೇ ಸಾಲನ್ನು ಬಲಕ್ಕೆ ಸರಿಸಿದೆ. ಸರ್ವರ್ ತೆವಳುತ್ತಿತ್ತು, ಕಾಲಂಗಳು ಒಂದೊಂದಾಗಿ ತೆರೆದುಕೊಂಡವು. ಕೊನೆಗೆ ಬ್ಯಾಂಕಿನ ಹೆಸರು ಬಂತು. ಪಾಸ್‌ಬುಕ್ಕಿನ ಮೇಲಿದ್ದ ಹೆಸರಲ್ಲ ಅದು. ‘ಫೋನ್ ಅಂಗಡಿಯಲ್ಲಿ ಯಾವಾಗಾದರೂ ಹೆಬ್ಬೆಟ್ಟು ಒತ್ತಿದ್ರಾ?’ ಎಂದು ಕೇಳಿದೆ. ‘ಸಿಮ್ಮಿಗೆ ಒತ್ತಿಸಿಕೊಂಡ್ರು ಸಾರ್’ ಅಂದಳು ಜೊತೆಗಿದ್ದ ಮಗಳು. ಆ ಹೆಬ್ಬೆಟ್ಟಿನಿಂದಲೇ ಆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದಿತ್ತು, ಪರಿಹಾರದ ಹಣ ಅಷ್ಟು ದಿನವೂ ಅದರಲ್ಲೇ ಕೂತಿತ್ತು.

ತಪ್ಪು ನನ್ನದು. ಪಾಸ್‌ಬುಕ್ ಜೆರಾಕ್ಸ್ ಪಡೆದು ಕಡತಕ್ಕೆ ಹಾಕಿದರೆ ಹಣ ಆ ಖಾತೆಗೇ ಹೋಗುತ್ತದೆ ಎಂದು ನಂಬಿದ್ದೆ. ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ಸಂಖ್ಯೆಗೆ ಕೆಲಸವೇ ಇಲ್ಲ. ಹಣ ಆಧಾರ್ ಸಂಖ್ಯೆಯ ಬೆನ್ನು ಹತ್ತಿ ಹೋಗುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಎಂಬ ಪಟ್ಟಿಯಾದ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಸೀಡ್ ಆದ, ಅಂದರೆ ಹಣ ಪಡೆಯಲು ಆಧಾರ್ ಜೋಡಿಸಿಕೊಂಡ ಬ್ಯಾಂಕ್. ‘ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಶಾಖೆಯವರು ಹೇಳುವುದು ಬಹಳ ಸಲ ಕೆವೈಸಿಯ, ಅಂದರೆ ಗುರುತು ಪರಿಶೀಲನೆಯ ಮಾತು. ಸೀಡಿಂಗ್ ಬೇರೆ, ಅದಕ್ಕೆ ರೈತರ ಒಪ್ಪಿಗೆ ಪತ್ರ ಬೇಕು. ಪಿಎಂ ಕಿಸಾನ್‌ನ 2,000 ರೂಪಾಯಿಯ ಕಂತು ತಪ್ಪಿದಾಗಲೂ ಮೊದಲು ನೋಡಬೇಕಾದ್ದು ಇದನ್ನೇ.

ಮೈ ಆಧಾರ್ ಪೋರ್ಟಲ್‌ನಲ್ಲಿ ಓಟಿಪಿ ಕೊಟ್ಟು ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ ಬ್ಯಾಂಕಿನ ಹೆಸರೂ ಆಕ್ಟಿವ್ ಇದೆಯೋ ಇಲ್ಲವೋ ಎಂಬುದೂ ಕಾಣುತ್ತದೆ. ಬ್ಯಾಂಕ್ ಬದಲಿಸಬೇಕಿದ್ದರೆ, ಹಣ ಬರಬೇಕಾದ ಶಾಖೆಯಲ್ಲೇ ಸೀಡಿಂಗ್ ಅರ್ಜಿ ಕೊಡಿಸಿ, ಅದರಲ್ಲಿ ಹಿಂದಿನ ಬ್ಯಾಂಕಿನ ಹೆಸರನ್ನೂ ಬರೆಸಿ. ಆದರೆ ಈಗಾಗಲೇ ಹೋದ ಹಣ ಹಳೆಯ ಜಾಗದಲ್ಲೇ ಇರುತ್ತದೆ. ಪಾಸ್‌ಬುಕ್ಕೂ ಕಾರ್ಡೂ ಇಲ್ಲದಿದ್ದರೆ ಬ್ಯಾಂಕ್ ಮಿತ್ರರ ಬಳಿಯೋ ಅಂಚೆಯಣ್ಣನ ಬಳಿಯೋ ಹೆಬ್ಬೆಟ್ಟು ಒತ್ತಿ, ಮಷೀನಿನಲ್ಲಿ ಆ ಬ್ಯಾಂಕನ್ನೇ ಆರಿಸಿ, ಮೊದಲು ಬ್ಯಾಲೆನ್ಸ್ ನೋಡಿಸಿ, ಆಮೇಲೆ ತೆಗೆಸಿ. ಈ ಯಜಮಾನರ ಹಣ ಕೈಗೆ ಬಂದದ್ದು ಹಾಗೆಯೇ.

‘ಫೇಲ್ಡ್’ ಬಂದವರ ಕಥೆ ಬೇರೆ. ಖಾತೆ ಮುಚ್ಚಿರುತ್ತದೆ, ಇಲ್ಲವೇ ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾಗಿರುತ್ತದೆ. ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆಯಾದರೆ 50,000 ರೂಪಾಯಿ ಬ್ಯಾಲೆನ್ಸ್ ಮಿತಿ ಅಡ್ಡ ಬರುತ್ತದೆ. ಲಿಸ್ಟ್‌ನಲ್ಲಿ ಹೆಸರೇ ಇಲ್ಲದಿದ್ದರೆ ಬ್ಯಾಂಕಿಗೆ ಕಳಿಸಿ ಪ್ರಯೋಜನವಿಲ್ಲ. ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ತೆರೆದು, ಪೋಡಿಯಾದ (ಜಮೀನು ಭಾಗವಾದ) ಮೇಲಿನ ಹೊಸ ಹಿಸ್ಸಾ ಸೇರಿದೆಯೇ ನೋಡಬೇಕು. ಬೆಳೆ ಸಮೀಕ್ಷೆಯಲ್ಲಿ ಪಿಆರ್ (ಸಮೀಕ್ಷೆ ಮಾಡುವ ಖಾಸಗಿ ನಿವಾಸಿ) ಆ ಸರ್ವೆ ನಂಬರನ್ನು ಪಾಳು ಎಂದು ಹಾಕಿದ್ದಾರೆಯೇ ಎಂಬುದನ್ನೂ ನೋಡಬೇಕು. ಆಕ್ಷೇಪಣೆ ಅವಧಿಯೊಳಗೆ ಬೆಳೆ ದರ್ಶಕ ಆ್ಯಪ್‌ನಲ್ಲಿ ತಿದ್ದಿಸದಿದ್ದರೆ ಆಮೇಲೆ ಕಷ್ಟ.

ಎಷ್ಟು ಬರಬೇಕಿತ್ತು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. 2022-26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾರ್ಗಸೂಚಿಯಂತೆ, ನಷ್ಟ ಶೇ 33 ಅಥವಾ ಹೆಚ್ಚಿದ್ದರೆ, ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆ. ಮಳೆಯಾಶ್ರಿತಕ್ಕೆ ಗುಂಟೆಗೆ 86 ರೂಪಾಯಿ ಹಿಡಿದರೆ ಒಂದೂವರೆ ಎಕರೆ ರಾಗಿಗೆ 5,160. ಇದರ ಅರ್ಧದಷ್ಟೇ ಬಂದಿದ್ದರೆ ಸರ್ವೆ ನಂಬರ್ ಬಿಟ್ಟುಹೋಗಿರಬಹುದು, ಬ್ಯಾಂಕಿನ ಮೇಲೆ ಗೂಬೆ ಕೂರಿಸಬೇಡಿ.

ಪಂಚಾಯಿತಿ ಬೋರ್ಡಿಗೆ ನಾವು ಅಂಟಿಸುತ್ತಿದ್ದ ಪಟ್ಟಿಯಲ್ಲಿ ಹೆಸರು, ಸರ್ವೆ ನಂಬರ್, ಮೊತ್ತ ಇಷ್ಟೇ ಇರುತ್ತಿತ್ತು. ಬ್ಯಾಂಕಿನ ಹೆಸರಿಗೂ ಒಂದು ಕಾಲಂ ಕೊಡಿ ಎಂದು ಮೇಲಿನವರನ್ನು ಕೇಳಿದ್ದೇನೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪ್ರಿಂಟಿನ ಅಂಚಿನಲ್ಲಿ ಕೈಯಲ್ಲೇ ಬರೆದು ಅಂಟಿಸುತ್ತಿದ್ದೇನೆ.